ಉಪ್ಪನ ತಕ್ಕಡಿ, ದೇಶದ ಕಸದ ಲೆಕ್ಕ

ಮಂಜೇಶ್ವರ ಕಡೆಯ ನಮ್ಮ ಮನೆಯ ಜಗಲಿ ಗೋಡೆಯಲ್ಲಿ ಈಗ ಒಂದು ಕ್ಯೂಆರ್ ಕೋಡ್ ಇದೆ. ಹರಿತ ಕರ್ಮ ಸೇನೆಯ ಇಬ್ಬರು ಹೆಂಗಸರು ತಿಂಗಳಿಗೊಮ್ಮೆ ಬರುತ್ತಾರೆ. ತೊಳೆದು ಒಣಗಿಸಿಟ್ಟ ಪ್ಲಾಸ್ಟಿಕ್ಕನ್ನು ಗೋಣಿಗೆ ತುಂಬಿ, ಕೋಡನ್ನು ಮೊಬೈಲಿನಲ್ಲಿ ಸ್ಕ್ಯಾನ್ ಮಾಡಿ, 50 ರೂಪಾಯಿ ತೆಗೆದುಕೊಂಡು ಹೋಗುತ್ತಾರೆ. ಅವರು ಮೊದಲ ಸಲ ಬಂದ ದಿನ ಉಮ್ಮ ಕೇಳಿದ್ದರು: "ಗುಜರಿಗೆ ಹಾಕಿದರೆ ಅವರೇ ನಮಗೆ ದುಡ್ಡು ಕೊಡುತ್ತಿದ್ದರು. ಈಗ ನಾವೇ ಕೊಡಬೇಕಾ?"

ಉಮ್ಮ ಹಾಗೆ ಕೇಳಲು ಕಾರಣ ಇತ್ತು. ಉಪ್ಪ ಮೂವತ್ತು ವರ್ಷ ಗುಜರಿ ವ್ಯಾಪಾರ ಮಾಡಿದವರು. ನಮ್ಮ ಬ್ಯಾರಿಗಳಲ್ಲಿ ಈ ಕೆಲಸ ಮಾಡಿ ಮಕ್ಕಳನ್ನು ಓದಿಸಿದವರು ಎಷ್ಟೋ ಜನ. ಉಪ್ಪನ ಹತ್ತಿರ ಒಂದು ಉದ್ದದ ಲೆಕ್ಕದ ಪುಸ್ತಕ ಇತ್ತು. ರಟ್ಟು ಇಷ್ಟು ಕಿಲೋ, ಕಬ್ಬಿಣ ಇಷ್ಟು, ಅಲ್ಯುಮಿನಿಯಂ ಇಷ್ಟು, ಬಾಟಲಿ ಇಷ್ಟು. ಯಾವ ದಿನ ಮಂಗಳೂರಿಗೆ ಲೋಡ್ ಹೋಯಿತು ಎಂಬುದೂ ಅದರಲ್ಲಿತ್ತು. ತೂಕ ತಪ್ಪಿದರೆ ಆ ದಿನದ ಲಾಭವೇ ಹೋಗುತ್ತಿದ್ದುದರಿಂದ ಅದರಲ್ಲಿ ಅಂದಾಜಿಗೆ ಜಾಗ ಇರಲಿಲ್ಲ.

ದೇಶದ ಕಸದ ಲೆಕ್ಕ ಶುರುವಾದ ಬಗೆ ಬೇರೆ. 1994ರಲ್ಲಿ ಸೂರತ್‌ನಲ್ಲಿ ಪ್ಲೇಗ್ ಕಾಣಿಸಿಕೊಂಡಾಗ ನಗರಗಳ ಕಸ ದೊಡ್ಡ ಸುದ್ದಿಯಾಯಿತು. 1996ರಲ್ಲಿ ಬೆಂಗಳೂರಿನ ಅಲ್ಮಿತ್ರಾ ಪಟೇಲ್ ಸುಪ್ರೀಂ ಕೋರ್ಟಿಗೆ ಸಾರ್ವಜನಿಕ ಹಿತಾಸಕ್ತಿ ಅರ್ಜಿ ಹಾಕಿದರು. ಕೋರ್ಟು ನೇಮಿಸಿದ ಅಸೀಂ ಬರ್ಮನ್ ಸಮಿತಿ 1999ರಲ್ಲಿ ವರದಿ ಕೊಟ್ಟಿತು. 2000ದ ಸೆಪ್ಟೆಂಬರಿನಲ್ಲಿ ನಗರ ಘನತ್ಯಾಜ್ಯ ನಿಯಮಗಳು ಬಂದವು. ನಗರಸಭೆಗಳು ಪ್ರತಿ ವರ್ಷ ಜೂನ್ 30ರೊಳಗೆ ವರದಿ ಕೊಡಬೇಕು, ರಾಜ್ಯದ ಮಾಲಿನ್ಯ ನಿಯಂತ್ರಣ ಮಂಡಳಿ ಸೆಪ್ಟೆಂಬರ್ 15ರೊಳಗೆ ಕೇಂದ್ರ ಮಂಡಳಿಗೆ ಕಳಿಸಬೇಕು, ಅದು ಡಿಸೆಂಬರ್ 15ರೊಳಗೆ ಇಡೀ ದೇಶದ ಲೆಕ್ಕ ಒಟ್ಟು ಮಾಡಬೇಕು ಎಂದು ಬರೆದಿತ್ತು. ಕಸ ಸಂಸ್ಕರಿಸುವ ಘಟಕಗಳಿಗೆ ಕೊಟ್ಟ ಗಡುವು 2003ರ ಡಿಸೆಂಬರ್ 31. ಎಷ್ಟೋ ನಗರಗಳಲ್ಲಿ ಆ ಗಡುವು ಬಂದು ಹೋಯಿತು ಅಷ್ಟೆ.

ಈ ಲೆಕ್ಕದಲ್ಲಿ ಎರಡು ತೂತುಗಳಿದ್ದವು. ಒಂದು, ಅನೇಕ ಊರುಗಳಲ್ಲಿ ಲಾರಿ ತೂಗುವ ವೇಬ್ರಿಜ್ ಇರಲಿಲ್ಲ. ಲಾರಿ ಎಷ್ಟು ಟ್ರಿಪ್ ಹೋಯಿತು, ಊರಿನ ಜನಸಂಖ್ಯೆ ಎಷ್ಟು ಎಂದು ಗುಣಿಸಿ ಟನ್ ಬರೆದರು. ಎರಡು, ನಿಯಮ ನಗರಸಭೆಗಳಿಗೆ ಮಾತ್ರ. ಆಗ ನಮ್ಮ ಜಿಲ್ಲೆಯಲ್ಲಿ ನಗರಸಭೆ ಇದ್ದುದು ಕಾಸರಗೋಡು, ಕಾಞಂಗಾಡ್ ಎರಡೇ. ಆ ವರದಿಗಳನ್ನು ನಂಬಿದರೆ ಉಪ್ಪಳದಲ್ಲಿ, ಕುಂಬಳೆಯಲ್ಲಿ ಕಸವೇ ಇರಲಿಲ್ಲ!

2016ರಲ್ಲಿ ನಿಯಮಗಳು ಬದಲಾದವು. ಪ್ಲಾಸ್ಟಿಕ್ ನಿಯಮ ಗ್ರಾಮ ಪಂಚಾಯತುಗಳಿಗೂ ಬಂತು. ಘನತ್ಯಾಜ್ಯ ನಿಯಮದಲ್ಲಿ ಕಸ ಆಯುವವರ ಜತೆಗೆ, ಮಾರಾಟಕ್ಕೆ ಯೋಗ್ಯವಾದುದನ್ನು ಕೊಂಡು ವಿಂಗಡಿಸುವ ವ್ಯಾಪಾರಿಗಳನ್ನೂ 'ಅನೌಪಚಾರಿಕ ಸಂಗ್ರಾಹಕರು' ಎಂದು ಕರೆದರು. ಉಪ್ಪನಂಥವರಿಗೆ ಕಾನೂನಿನಲ್ಲಿ ಒಂದು ಹೆಸರು ಸಿಕ್ಕಿತು. ಆದರೆ ಅವರ ಕಿಲೋಗಳಿಗೆ ಜಾಗ ಸಿಕ್ಕಿತೇ?

ಕೇಂದ್ರ ಮಂಡಳಿಯ 2020-21ರ ವರದಿ ನೋಡಿ. ದೇಶದಲ್ಲಿ ದಿನಕ್ಕೆ ಹುಟ್ಟಿದ ಕಸ ಸುಮಾರು 1,60,039 ಟನ್. ಸಂಸ್ಕರಿಸಿದ್ದು 79,956 ಟನ್. ನೆಲಭರ್ತಿಗೆ ಹೋದದ್ದು 29,427 ಟನ್. ಉಳಿದ 50,655 ಟನ್, ಅಂದರೆ ಶೇ. 31.7ರಷ್ಟು, ಲೆಕ್ಕಕ್ಕೆ ಸಿಗಲಿಲ್ಲ ಎಂದು ಆ ವರದಿಯೇ ಹೇಳುತ್ತದೆ.

ಆ ಮೂರನೇ ಒಂದು ಪಾಲು ಎಲ್ಲಿ ಹೋಯಿತು? ತೋಡಿಗೆ, ಹೊಳೆಗೆ, ಕಡಲಿಗೆ ಹೋಗಿರಬಹುದು. ರಸ್ತೆ ಬದಿಯಲ್ಲಿ ಉರಿದಿರಬಹುದು. ಗಡಿ ದಾಟಿರಲೂಬಹುದು. 2024ರ ಡಿಸೆಂಬರಿನಲ್ಲಿ ಕೇರಳದ ಆಸ್ಪತ್ರೆಗಳ ಕಸ ತಮಿಳುನಾಡಿನ ತಿರುನೆಲ್ವೇಲಿಯ ಹಳ್ಳಿಗಳಲ್ಲಿ ಸಿಕ್ಕಿ, ಹಸಿರು ನ್ಯಾಯಮಂಡಳಿ ಹೇಳಿದ ಮೇಲೆ ಲಾರಿಗಳಲ್ಲಿ ಹಿಂದಕ್ಕೆ ಬಂತು. ಗಡಿಯಲ್ಲಿ ಬದುಕುವ ನಮಗೆ ಇದು ದೂರದ ಕತೆಯಲ್ಲ. ಇನ್ನೊಂದಿಷ್ಟು ಗುಜರಿಯವರ ಕೈಯಿಂದ ಕಾರ್ಖಾನೆಗೆ ಹೋಗಿ ಹೊಸ ರಟ್ಟು, ಹೊಸ ಕಬ್ಬಿಣ ಆಗಿರುತ್ತದೆ. ಹೊಳೆಗೆ ಎಸೆದವನ ಕಸವೂ ಉಪ್ಪ ಬಿಸಿಲಲ್ಲಿ ಕೂತು ವಿಂಗಡಿಸಿದ ರಟ್ಟೂ ಒಂದೇ ತೂತಿಗೆ ಬಿದ್ದರೆ ಒಬ್ಬನಿಗೆ ಶಿಕ್ಷೆಯಿಲ್ಲ, ಇನ್ನೊಬ್ಬನಿಗೆ ಮರ್ಯಾದೆಯಿಲ್ಲ. ಕೆಲಸ ಲೆಕ್ಕದಲ್ಲಿ ಇಲ್ಲದವನಿಗೆ ಗುರುತಿನ ಚೀಟಿ, ವಿಂಗಡಿಸಲು ಜಾಗ ಯಾರು ಕೊಡುತ್ತಾರೆ?

ಲೆಕ್ಕ ತಪ್ಪಿದ್ದಕ್ಕೆ ಬೆಲೆ ತೆತ್ತವರೂ ಇದ್ದಾರೆ. 2019ರ ಆಗಸ್ಟಿನ ಮಳೆಗೆ ಮಂಗಳೂರಿನ ಪಚ್ಚನಾಡಿಯ ಕಸದ ಗುಡ್ಡ ಜಾರಿ ಮಂದಾರದ ಮನೆ, ತೋಟಗಳನ್ನು ನುಂಗಿತು. 2023ರ ಮಾರ್ಚಿನಲ್ಲಿ ಕೊಚ್ಚಿಯ ಬ್ರಹ್ಮಪುರಂ ಹತ್ತು ದಿನಕ್ಕೂ ಹೆಚ್ಚು ಹೊಗೆಯಾಡಿತು. ಅದಾದ ಮೇಲೆಯೇ ಕೇರಳದಲ್ಲಿ ಮನೆಮನೆಯ ಲೆಕ್ಕ ಬಿಗಿಯಾದದ್ದು.

ಈಗ ಉಮ್ಮನಿಗೆ ಉತ್ತರ ಗೊತ್ತಿದೆ. ಗುಜರಿಯವರು ಒಯ್ಯುತ್ತಿದ್ದುದು ಬೆಲೆ ಇರುವುದನ್ನು. ಬಿಸ್ಕತ್ತಿನ ಹೊದಿಕೆ, ಹಾಲಿನ ಪ್ಯಾಕೆಟ್ಟಿನ ಚೂರು, ಹರಿದ ಕ್ಯಾರಿಬ್ಯಾಗು ಯಾರಿಗೂ ಬೇಡ. 50 ರೂಪಾಯಿ ಅದನ್ನು ಹೊರುವವರ ಕೂಲಿ. ಹಾಗಾಗಿ ನಮ್ಮ ಮನೆಯಲ್ಲಿ ಎರಡು ಗೋಣಿ ಇವೆ, ಒಂದು ಸೇನೆಗೆ, ಒಂದು ಗುಜರಿಗೆ. ಮೊದಲನೆಯದು ಆ್ಯಪಿನಲ್ಲಿ ದಾಖಲಾಗುತ್ತದೆ. ಎರಡನೆಯದು ಈಗಲೂ ಎಲ್ಲೂ ಇಲ್ಲ.

2026ರ ಏಪ್ರಿಲಿನಿಂದ ಜಾರಿಯ ಹೊಸ ನಿಯಮಗಳಲ್ಲಿ ಕಸವನ್ನು ನಾಲ್ಕು ಬಗೆಯಾಗಿ ಬೇರ್ಪಡಿಸಬೇಕು, ವರದಿಗಳು ಒಂದೇ ಕೇಂದ್ರ ಪೋರ್ಟಲಿಗೆ ಹೋಗಬೇಕು. ಒಳ್ಳೆಯದೇ. ಆದರೆ ಗುಜರಿ ಅಂಗಡಿಯ ತಕ್ಕಡಿಯ ಲೆಕ್ಕ ಅಲ್ಲಿಗೆ ತಲುಪದಿದ್ದರೆ ಹಳೆಯ ತೂತು ಹೊಸ ಪರದೆಯ ಮೇಲೆ ಕಾಣಿಸುತ್ತದೆ ಅಷ್ಟೆ.

ಉಪ್ಪ ಈಗ ಇಲ್ಲ. ಅವರ ಪುಸ್ತಕ ನಮ್ಮ ಕಪಾಟಿನಲ್ಲಿದೆ. ನಿಮ್ಮ ಮನೆಯಲ್ಲೂ ಅಂಥ ಹಳೆಯ ಗುಜರಿ ಲೆಕ್ಕದ ಪುಸ್ತಕ ಇದ್ದರೆ ದಯವಿಟ್ಟು ಅದನ್ನು ತೂಕಕ್ಕೆ ಹಾಕಬೇಡಿ. ಸರಕಾರದ ವರದಿಗಳಲ್ಲಿ ಇಲ್ಲದ ನಮ್ಮವರ ಚರಿತ್ರೆ ಅದರಲ್ಲಿ ಕಿಲೋ ಲೆಕ್ಕದಲ್ಲಿದೆ.