ಮು. ಪೋ. ಹಾರೂಗೇರಿ: ಹೆಸರು, ವಿಳಾಸ ಮತ್ತು ಕಂಪ್ಯೂಟರ್ ಜಾಲ

ಸುವರ್ಣ ಮಹೋತ್ಸವದ ಆಮಂತ್ರಣಗಳನ್ನು ಕಳಿಸುವ ಕೆಲಸ ನಮ್ಮ ಕೆಲವರ ಪಾಲಿಗೆ ಬಂದಿತ್ತು. ಶಾಲೆಯ ಹಳೆಯ ವಹಿಗಳಲ್ಲಿ ಸಿಕ್ಕ ವಿಳಾಸಗಳಿಗೆ ಲಕೋಟೆ ಬರೆದು ಅಂಚೆಗೆ ಹಾಕಿದೆವು. ಹದಿನೈದು ದಿನಗಳಲ್ಲಿ ಅವು ಒಂದೊಂದಾಗಿ ಮರಳಿ ಬರತೊಡಗಿದವು. ತಂದುಕೊಟ್ಟ ಪೋಸ್ಟ್‌ಮನ್ ಒಂದು ಲಕೋಟೆ ತಿರುವಿ ನೋಡಿ ಹೇಳಿದರು: "ಇವರು ಯಾರಂತ ನನಗ ಗೊತ್ತೈತ್ರಿ ಸರ. ಈಗ ಎಲ್ಲಿ ಅದಾರ ಅನ್ನೋದ ಗೊತ್ತಿಲ್ಲ."

ನಾನು ಈ ಶಾಲೆಯಲ್ಲಿ ಕಲಿತು, ಮುಂದೆ ದೂರವಾಣಿ ಮತ್ತು ಕಂಪ್ಯೂಟರ್ ಜಾಲಗಳ ಕೆಲಸದಲ್ಲಿ ಸೇವೆ ಮುಗಿಸಿದವನು. ಆ ಮಾತು ಕೇಳಿ ನಗು ಬಂತು. 'ಯಾರು' ಮತ್ತು 'ಎಲ್ಲಿ' ಎಂಬ ಇವೆರಡನ್ನು ಬೇರ್ಪಡಿಸಲು ಜಗತ್ತಿನ ಜಾಲತಜ್ಞರು ದಶಕಗಳಿಂದ ಹೆಣಗುತ್ತಿದ್ದಾರೆ.

ನಮ್ಮ ಹಿರಿಯರು ಕಾಗದದ ಮೇಲೆ ವಿಳಾಸ ಬರೆಯುತ್ತಿದ್ದ ರೀತಿ ನೆನಪಿರಬಹುದು: ಹೆಸರು, ಅಡ್ಡಹೆಸರು, ತೋಟದ ಹೆಸರು, ಮು. ಪೋ. ಹಾರೂಗೇರಿ, ತಾ. ರಾಯಬಾಗ, ಜಿ. ಬೆಳಗಾವಿ. ಚಿಕ್ಕದರಿಂದ ದೊಡ್ಡದಕ್ಕೆ ಏರುವ ಸಾಲು ಇದು. ಊರೊಳಗೆ ಇಷ್ಟೆಲ್ಲ ಬೇಕಿಲ್ಲ, ತೋಟದ ಹೆಸರೊಂದೇ ಸಾಕು. ಹೊರಗೆ ಹೋದಷ್ಟೂ ಹೆಸರು ಉದ್ದವಾಗುತ್ತದೆ. ನಮ್ಮ ಭಾಗದಲ್ಲಿ ಊರ ಹೆಸರೇ ಅಡ್ಡಹೆಸರಾಗುವುದೂ ಹೀಗೆಯೇ. ಹಾರೂಗೇರಿಯಲ್ಲಿ ಎಲ್ಲರೂ ಹಾರೂಗೇರಿಯವರೇ ಆದ್ದರಿಂದ ಇಲ್ಲಿ ಆ ಅಡ್ಡಹೆಸರಿಗೆ ಕೆಲಸವಿಲ್ಲ; ಇಲ್ಲಿಂದ ಬೇರೆ ಊರಿಗೆ ಹೋಗಿ ನೆಲೆಸಿದವರಿಗೆ ಮಾತ್ರ ಅದು ಅಂಟಿಕೊಳ್ಳುತ್ತದೆ.

ಆದರೆ ಈ ಸಾಲಿನ ಮೇಲಿನ ತುದಿ ಗಟ್ಟಿಯಲ್ಲ. ರಾಯಬಾಗ ಒಂದು ಕಾಲಕ್ಕೆ ಕೊಲ್ಹಾಪುರ ಸಂಸ್ಥಾನಕ್ಕೆ ಸೇರಿತ್ತು. ಸ್ವಾತಂತ್ರ್ಯಾನಂತರ ಮುಂಬಯಿ ರಾಜ್ಯ, 1956ರ ನವೆಂಬರ್ 1ರಿಂದ ಮೈಸೂರು ರಾಜ್ಯ, 1973ರ ನವೆಂಬರ್ 1ರಿಂದ ಕರ್ನಾಟಕ. ಇಂಗ್ಲಿಷಿನಲ್ಲಿ 'ಬೆಲ್ಗಾಮ್' ಎಂದಿದ್ದ ಜಿಲ್ಲೆಯ ಹೆಸರು 2014ರಲ್ಲಿ 'ಬೆಳಗಾವಿ' ಆಯಿತು. ಮನೆ ಇದ್ದಲ್ಲೇ ಇತ್ತು, ವಿಳಾಸ ಬದಲಾಗುತ್ತಲೇ ಹೋಯಿತು.

ಈ ನಡುವೆ 1972ರ ಆಗಸ್ಟ್ 15ರಂದು ಪಿನ್‌ಕೋಡ್ ಬಂತು. ಅದನ್ನು ರೂಪಿಸಿದವರು ಕೇಂದ್ರ ಸಂಪರ್ಕ ಸಚಿವಾಲಯದಲ್ಲಿ ಅಧಿಕಾರಿಯಾಗಿದ್ದ ಶ್ರೀರಾಮ ಭಿಕಾಜಿ ವೇಲಣಕರ. ಸಂಸ್ಕೃತದ ಕವಿಗಳೂ ಹೌದು. ನಮ್ಮ 591220ರಲ್ಲಿ ಮೊದಲ 5 ಎಂದರೆ ದಕ್ಷಿಣದ ಒಂದು ದೊಡ್ಡ ವಲಯ, 59 ಎಂದರೆ ಅದರ ಒಂದು ಉಪವಲಯ, 591 ಎಂದರೆ ಕಾಗದ ವಿಂಗಡಿಸುವ ಜಿಲ್ಲೆ, ಕೊನೆಯ ಮೂರು ಅಂಕೆಗಳು ಬಟವಾಡೆ ಮಾಡುವ ಅಂಚೆ ಕಚೇರಿ. ಮರುವರ್ಷವೇ ರಾಜ್ಯದ ಹೆಸರು ಬದಲಾದರೂ ಸಂಖ್ಯೆ ಅಲುಗಲಿಲ್ಲ. ಹೆಸರು ಜನರಿಗೆ, ಸಂಖ್ಯೆ ವಿಂಗಡಣೆಗೆ ಎಂದು ಕೆಲಸ ಹಂಚಿಹೋಯಿತು.

ಕಂಪ್ಯೂಟರ್ ಜಾಲ ಇದೇ ಪಾಠವನ್ನು ತನ್ನದೇ ದಾರಿಯಲ್ಲಿ ಕಲಿಯಿತು. 1970ರ ದಶಕದಲ್ಲಿ ಅಮೆರಿಕದ ಜಾಲದಲ್ಲಿದ್ದ ಎಲ್ಲ ಕಂಪ್ಯೂಟರುಗಳ ಹೆಸರು ಮತ್ತು ಸಂಖ್ಯೆ ಒಂದೇ ಪಟ್ಟಿಯಲ್ಲಿದ್ದವು. ಕ್ಯಾಲಿಫೋರ್ನಿಯಾದ ಸ್ಟ್ಯಾನ್‌ಫರ್ಡ್ ಸಂಶೋಧನಾ ಸಂಸ್ಥೆಯಲ್ಲಿ ಎಲಿಜಬೆತ್ ಫೈನ್ಲರ್ ಅವರ ತಂಡ ಅದನ್ನು ನೋಡಿಕೊಳ್ಳುತ್ತಿತ್ತು. ಹೊಸ ಕಂಪ್ಯೂಟರ್ ಸೇರಿದರೆ ಅವರಿಗೆ ತಿಳಿಸಬೇಕು, ಅವರು ಪಟ್ಟಿಗೆ ಸೇರಿಸಬೇಕು. ಊರು ಸಣ್ಣದಿದ್ದಾಗ ತಲಾಠಿಯೊಬ್ಬರೇ ಎಲ್ಲರ ಉತಾರ ಬರೆದುಕೊಟ್ಟ ಹಾಗೆ. ಜಾಲ ಬೆಳೆದಂತೆ ಅದು ಕೈ ಮೀರಿತು. 1983ರಲ್ಲಿ ಪಾಲ್ ಮೊಕಪೆಟ್ರಿಸ್ ಈಗಿನ ಡೊಮೇನ್ ಹೆಸರುಗಳ ವ್ಯವಸ್ಥೆ ರೂಪಿಸಿದರು. ಅದು ಹೆಚ್ಚುಕಡಿಮೆ ನಮ್ಮ ಮು. ಪೋ. ಪದ್ಧತಿಯೇ: ಚುಕ್ಕೆಗಳಿಂದ ಬೇರ್ಪಟ್ಟ ಹೆಸರುಗಳು, ಚಿಕ್ಕದು ಮೊದಲು, ದೇಶ ಕೊನೆಗೆ, ಮತ್ತು ಪ್ರತಿ ಹಂತದ ಪಟ್ಟಿ ಆಯಾ ಹಂತದವರ ಕೈಯಲ್ಲೇ. ಭಾರತಕ್ಕೆ 'ಡಾಟ್ ಇನ್' ಸಿಕ್ಕಿದ್ದು 1989ರಲ್ಲಿ, ಸಾಮಾನ್ಯ ಜನರಿಗೆ ಇಂಟರ್ನೆಟ್ ಬಂದದ್ದು 1995ರ ಆಗಸ್ಟ್ 15ರಂದು.

ಬ್ರಿಟನ್ನಿನ ವಿಶ್ವವಿದ್ಯಾಲಯಗಳು ಮಾತ್ರ ಬಹುಕಾಲ ತಲೆಕೆಳಗಾಗಿ ಬರೆಯುತ್ತಿದ್ದವು: ದೇಶ ಮೊದಲು, ವಿಭಾಗ ಕೊನೆಗೆ. ಕಂಪ್ಯೂಟರ್ ಸೈನ್ಸ್ ವಿಭಾಗದ ಹೆಸರು 'ಸಿಎಸ್' ಎಂದು ಕೊನೆಯಾಗುತ್ತಿತ್ತು. ಮುಂದೆ ಚೆಕೊಸ್ಲೊವಾಕಿಯ ದೇಶಕ್ಕೂ ಅದೇ 'ಸಿಎಸ್' ಸಿಕ್ಕಾಗ ಗೊಂದಲವೋ ಗೊಂದಲ. 1993ರಲ್ಲಿ ಆ ದೇಶವೇ ಎರಡಾಗಿ ಎರಡು ಹೊಸ ಗುರುತುಗಳು ಚಾಲ್ತಿಗೆ ಬಂದವು. ಯುಗೊಸ್ಲಾವಿಯದ 'ವೈಯು' 2010ರಲ್ಲಿ ಪೂರ್ತಿ ಅಳಿಸಿಹೋಯಿತು. ಗಡಿ ಸರಿದಾಗ ವಿಳಾಸ ಏನಾಗುತ್ತದೆ ಎಂಬುದನ್ನು ನಮ್ಮ ಸೀಮೆಯವರಿಗೆ ಯಾರೂ ಬಿಡಿಸಿ ಹೇಳಬೇಕಿಲ್ಲ.

ಇನ್ನು ಸಂಖ್ಯೆಯ ಮಾತು. ಜಾಲದ ಪ್ರತಿ ಕಂಪ್ಯೂಟರಿಗೂ ಐಪಿ ಸಂಖ್ಯೆ ಎಂಬ ವಿಳಾಸ ಇರುತ್ತದೆ. 1977ರಲ್ಲಿ ವಿಂಟ್ ಸರ್ಫ್ ಅದಕ್ಕೆ 32 ಬಿಟ್‌ಗಳ ಉದ್ದ ನಿಗದಿ ಮಾಡಿದಾಗ ಅದೊಂದು ಪ್ರಯೋಗವಾಗಿತ್ತು. ಅಷ್ಟರಲ್ಲಿ ಸುಮಾರು 429 ಕೋಟಿ ಸಂಖ್ಯೆಗಳು ಸಿಗುತ್ತವೆ. ಪ್ರಯೋಗವೇ ಜಗತ್ತನ್ನು ಆವರಿಸಿತು. 2011ರ ಫೆಬ್ರವರಿ 3ರಂದು ಜಾಗತಿಕ ದಾಸ್ತಾನಿನ ಕೊನೆಯ ಕಟ್ಟುಗಳನ್ನೂ ಹಂಚಿ ಮುಗಿಸಲಾಯಿತು. ಕೊರತೆ ನೀಗಿಸಲು ನೂರಾರು ಯಂತ್ರಗಳು ಒಂದೇ ಸಂಖ್ಯೆಯ ಹಿಂದೆ ನಿಲ್ಲುವ ಉಪಾಯ ಮೊದಲೇ ಬಂದಿತ್ತು. ಹಳೆಯ ವಾಡೆಯೊಂದರಲ್ಲಿ ಹತ್ತು ಬಿಡಾರಗಳಿದ್ದು, ಎಲ್ಲರ ಕಾಗದವೂ 'ಕೇರ್ ಆಫ್' ಮಾಲಕರ ಹೆಸರಿಗೆ ಬಂದಂತೆ. ಒಳಗಿನವರು ಬರೆದದ್ದಕ್ಕೆ ಉತ್ತರ ಬರುತ್ತದೆ. ಹೊರಗಿನವರು ತಾವಾಗಿ ಒಳಗಿನ ಒಬ್ಬರನ್ನು ಹುಡುಕಿ ಬರುವುದು ಕಷ್ಟ. ಶಾಶ್ವತ ಪರಿಹಾರವಾಗಿ ಐಪಿ ಆರನೆಯ ಆವೃತ್ತಿಯ ನಿಯಮಗಳು 1995ರಲ್ಲೇ ಪ್ರಕಟವಾಗಿದ್ದವು. ಅದರ ಉದ್ದ 128 ಬಿಟ್. ಸಿಗುವ ವಿಳಾಸಗಳ ಲೆಕ್ಕ ಬರೆಯಲು 39 ಅಂಕೆಗಳು ಬೇಕು. ನಮ್ಮ ಹುಡುಗರ ಕೈಯಲ್ಲಿರುವ ಮೊಬೈಲುಗಳಲ್ಲಿ ಹೆಚ್ಚಿನವು ಈಗ ಇದನ್ನೇ ಬಳಸುತ್ತವೆ.

ಸಂಖ್ಯೆ ಹೆಚ್ಚಿಸಿದರೂ ಪೋಸ್ಟ್‌ಮನ್ ಹೇಳಿದ ತೊಡಕು ಉಳಿದೇ ಇತ್ತು. ಐಪಿ ಸಂಖ್ಯೆ 'ಯಾರು' ಎಂಬುದನ್ನೂ 'ಎಲ್ಲಿ' ಎಂಬುದನ್ನೂ ಒಟ್ಟಿಗೆ ಹೊತ್ತಿದೆ. ಯಂತ್ರ ಕೋಣೆಯೊಂದರಲ್ಲಿ ಕದಲದೆ ಕೂತಿದ್ದ ಕಾಲಕ್ಕೆ ಅದು ಸರಿ. ಮೊಬೈಲು ಒಂದು ಜಾಲ ಬಿಟ್ಟು ಇನ್ನೊಂದಕ್ಕೆ ಸೇರಿದರೆ ಸಂಖ್ಯೆ ಬದಲಾಗುತ್ತದೆ, ನಡೆಯುತ್ತಿದ್ದ ಸಂಪರ್ಕ ಕಡಿಯುತ್ತದೆ. 2006ರ ಅಕ್ಟೋಬರಿನಲ್ಲಿ ಆಮ್‌ಸ್ಟರ್‌ಡ್ಯಾಮಿನಲ್ಲಿ ಸೇರಿದ ತಜ್ಞರು ಈ ಎರಡು ಹೊರೆಗಳನ್ನು ಒಂದೇ ಸಂಖ್ಯೆಯ ಮೇಲೆ ಹೇರಿದ್ದೇ ಮೂಲ ತೊಂದರೆಗಳಲ್ಲೊಂದು ಎಂದು ಗುರುತಿಸಿದರು. ಬದಲಾಗದ ಗುರುತು ಬೇರೆ, ಬದಲಾಗುವ ಜಾಗದ ಸಂಖ್ಯೆ ಬೇರೆ ಎಂಬ ಯೋಜನೆಗಳು ಅಲ್ಲಿಂದ ಬಲಗೊಂಡವು. ವ್ಯಾನ್ ಜೇಕಬ್ಸನ್ ಮತ್ತು ಸಂಗಡಿಗರು 2009ರಲ್ಲಿ ಇನ್ನೂ ಮುಂದೆ ಹೋಗಿ, ಯಂತ್ರದ ವಿಳಾಸ ಕೇಳುವುದೇ ಬೇಡ, ಬೇಕಾದ ಪಾಠದ ಹೆಸರನ್ನೇ ಕೇಳೋಣ ಎಂದರು. ಗಣಿತದ ಪುಸ್ತಕ ಬೇಕಾದಾಗ ಅದು ಯಾವ ಗೆಳೆಯನ ಪಾಟೀಚೀಲದಲ್ಲಿದ್ದರೇನು? ಪುಸ್ತಕ ಅಸಲಿಯೋ ಎಂದು ತಿಳಿಯಲು ಅದರ ಮೇಲೆ ಸಹಿ ಇದ್ದರಾಯಿತು. ಇದು ಇನ್ನೂ ಪ್ರಯೋಗಶಾಲೆಯಲ್ಲಿದೆ. ನನಗೆ ಇದರ ಮೇಲೆ ಆಸೆ ಇದೆ, ಪೂರ್ತಿ ನಂಬಿಕೆ ಇನ್ನೂ ಬಂದಿಲ್ಲ.

ಹೆಸರನ್ನು ಕನ್ನಡದಲ್ಲೇ ಬರೆಯುವ ಅವಕಾಶವೂ ಈಗ ಇದೆ. 'ಡಾಟ್ ಭಾರತ' ಎಂಬುದು ಕನ್ನಡ ಲಿಪಿಯಲ್ಲೇ ಜಾಲದ ಮೂಲಪಟ್ಟಿ ಸೇರಿದೆ. ಕನ್ನಡ, ತೆಲುಗು ಅಕ್ಷರಗಳಲ್ಲಿ ಕೆಲವು ಕಣ್ಣಿಗೆ ಒಂದೇ ಎನಿಸುವುದರಿಂದ, ಒಬ್ಬರ ಹೆಸರನ್ನು ಇನ್ನೊಬ್ಬರು ಕದಿಯದಂತೆ ಅಂಥ ಅಕ್ಷರಜೋಡಿಗಳನ್ನು ನಿಯಮದಲ್ಲಿ ಗುರುತಿಸಿದ್ದಾರೆ. ಆದರೆ ಹಾರೂಗೇರಿಯ 'ರೂ'ಗೆ ದೀರ್ಘ ಬಿಟ್ಟು ಹ್ರಸ್ವ ಬರೆದರೆ ಯಂತ್ರಕ್ಕೆ ಅದು ಬೇರೆ ಊರು! ನಮ್ಮ ಊರಿನ ಫಲಕಗಳನ್ನು ನೋಡಿದರೆ ಈ ಎಚ್ಚರ ನಮಗೂ ಬೇಕೆನಿಸುತ್ತದೆ.

ಮರಳಿ ಬಂದ ಲಕೋಟೆಗಳನ್ನು ಏನು ಮಾಡಿದೆವು ಎಂದರೆ, ಶಾಲೆಯ ದಾಖಲಾತಿ ವಹಿ ತೆರೆದು ಕೂತೆವು. ಸೇರಿದ ದಿನ ಗುರುಗಳು ಪ್ರತಿಯೊಬ್ಬರಿಗೂ ಒಂದು ರಜಿಸ್ಟರ್ ನಂಬರ್ ಬರೆದಿದ್ದಾರೆ. ಮದುವೆಯಾಗಿ ಹೆಣ್ಣುಮಕ್ಕಳ ಅಡ್ಡಹೆಸರು ಬದಲಾಗಿದೆ, ನೌಕರಿಗೆಂದು ಹಲವರು ಊರು ಬಿಟ್ಟಿದ್ದಾರೆ, ಆ ನಂಬರ್ ಹಾಗೆಯೇ ಇದೆ. ಈಗ ಹೊಸ ವಹಿಯಲ್ಲಿ ಮೊದಲ ಅಂಕಣಕ್ಕೆ ಆ ನಂಬರನ್ನೇ ಇಟ್ಟು, ವಿಳಾಸದ ಅಂಕಣವನ್ನು ಪೆನ್ಸಿಲ್ಲಿನಲ್ಲಿ ತುಂಬುತ್ತಿದ್ದೇವೆ. ಈ ಸಂಚಿಕೆ ಕೈಗೆ ಸಿಕ್ಕವರು ತಮ್ಮ ಶಾಲೆ ಬಿಟ್ಟ ದಾಖಲೆಯ ಮೇಲಿರುವ ನಂಬರ್ ನೋಡಿ, ಈಗಿನ ವಿಳಾಸದೊಡನೆ ಕಾರ್ಯಾಲಯಕ್ಕೆ ತಿಳಿಸಿರಿ. ಗೆಳೆಯರ ಪೈಕಿ ಯಾರ ಸುದ್ದಿ ಗೊತ್ತಿದ್ದರೂ ಬರೆಯಿರಿ. ಮರಳಿ ಬಂದ ಲಕೋಟೆಗಳು ಇನ್ನೂ ನಮ್ಮಲ್ಲಿವೆ.