ಕರೆಂಟು ಹೋದಾಗ ಕಳೆದುಹೋದ ದನಿ

2006ರಲ್ಲಿ ಅರಕಲಗೂಡಿನಿಂದ ದೊಡ್ಡಮ್ಮ ಹೊಳೆನರಸೀಪುರದ ನಮ್ಮ ಮನೆಗೆ ಬಂದಿದ್ದರು. ಅವರ ಸೋಬಾನೆ ಪದಗಳನ್ನು ಲಿನಕ್ಸ್ ಕಂಪ್ಯೂಟರಿನಲ್ಲಿ ರೆಕಾರ್ಡ್ ಮಾಡೋಣ ಅಂತ ಬೆಳಿಗ್ಗೆಯೇ ಮಿಕ್ಸರಿನಲ್ಲಿ ಮೈಕಿನ ಮಟ್ಟ ಸರಿಮಾಡಿಟ್ಟೆ. ಮಧ್ಯಾಹ್ನ ಕರೆಂಟು ಹೋಯಿತು. ಸಂಜೆ ಬಂದ ಮೇಲೆ ದೊಡ್ಡಮ್ಮ ಒಂದು ಗಂಟೆ ಹಾಡಿದರು. ಆಮೇಲೆ ಹಾಕಿ ಕೇಳಿದರೆ... ಫೈಲಿನ ತುಂಬ ಮೌನ! ಮೈಕು ಮತ್ತೆ ಮ್ಯೂಟ್ ಆಗಿತ್ತು.

ಯಾಕೆ ಹೀಗಾಯಿತು ಅಂತ ಹುಡುಕುತ್ತಾ ಹೋದಾಗ ಒಂದು ಚಿಕ್ಕ ಇತಿಹಾಸವೇ ಸಿಕ್ಕಿತು. ಸೌಂಡ್ ಚಿಪ್ಪಿಗೆ ಸ್ವಂತ ನೆನಪಿಲ್ಲ. ಇಂಟೆಲ್ 1997ರಲ್ಲಿ ತಂದ ಎಸಿ97 ಮಾನದಂಡದ ಪ್ರಕಾರ, ಚಿಪ್ ರೀಸೆಟ್ ಆದಾಗ ಮುಖ್ಯ ವಾಲ್ಯೂಮ್ ಮ್ಯೂಟ್ ಆಗಿಯೇ ಇರುತ್ತದೆ. ಲಿನಕ್ಸಿಗೆ ಮೊದಲು ದನಿ ಕೊಟ್ಟಿದ್ದು ಫಿನ್ಲೆಂಡಿನ ಹನ್ನು ಸವೊಲೈನೆನ್, 1992ರಲ್ಲಿ. 1998ರಲ್ಲಿ ಜೆಕ್ ದೇಶದ ಯಾರೊಸ್ಲಾವ್ ಕಿಸೆಲಾ ಅಲ್ಸಾ ಯೋಜನೆ ಶುರುಮಾಡಿದರು. 2003ರ ಡಿಸೆಂಬರಿನಲ್ಲಿ ಬಂದ 2.6 ಕರ್ನೆಲ್ ಜೊತೆ ಅದು ಎಲ್ಲರ ಮನೆ ಸೇರಿತು. ಸ್ಪೀಕರ್ ಏಕಾಏಕಿ ಕಿರುಚಬಾರದೆಂದು ಅಲ್ಸಾ ಕೂಡ ಎಲ್ಲವನ್ನೂ ಮ್ಯೂಟ್ ಮಾಡಿಯೇ ಶುರುಮಾಡುತ್ತಿತ್ತು.

ಹಾಗಾಗಿ ನೆನಪಿಟ್ಟುಕೊಳ್ಳುವ ಕೆಲಸ ಅಲ್ಸಾ-ಸಿಟಿಎಲ್ ಎಂಬ ಪುಟ್ಟ ಪ್ರೋಗ್ರಾಮಿನ ಪಾಲಿಗೆ ಬಂತು. ಶಟ್‌ಡೌನ್ ಆಗುವಾಗ ಅದು ಮಿಕ್ಸರಿನ ಮಟ್ಟಗಳನ್ನೆಲ್ಲ 'ಅಸೌಂಡ್.ಸ್ಟೇಟ್' ಫೈಲಿನಲ್ಲಿ ಬರೆದಿಡುತ್ತದೆ, ಶುರುವಾಗುವಾಗ ಅದನ್ನೇ ಓದಿ ಚಿಪ್ಪಿಗೆ ಹಾಕುತ್ತದೆ. ನಮ್ಮೂರಿನ ಕರೆಂಟು ಶಟ್‌ಡೌನ್ ಆಗುವ ತನಕ ಕಾಯುತ್ತದೆಯೇ? ನನ್ನ ಕಂಪ್ಯೂಟರು ಮರೆತಿರಲಿಲ್ಲ, ಹಿಂದಿನ ಸಲ ಬರೆದಿಟ್ಟ ಹಳೆಯ ಮಟ್ಟವನ್ನೇ ನೆನಪಿಟ್ಟುಕೊಂಡಿತ್ತು ಅಷ್ಟೆ.

ಚನ್ನರಾಯಪಟ್ಟಣದ ಗೆಳೆಯನೊಬ್ಬ ಫೋನಿನಲ್ಲೇ ಮದ್ದು ಹೇಳಿದ: "ಮಟ್ಟ ಸರಿಮಾಡಿದ ಕೂಡಲೇ ರೂಟ್ ಆಗಿ 'ಅಲ್ಸಾ-ಸಿಟಿಎಲ್ ಸ್ಟೋರ್' ಕೊಡೋ ಮಾರಾಯ, ಶಟ್‌ಡೌನ್ ತನಕ ಕಾಯಬೇಡ." ಒಂದೇ ಸಾಲು!

ಆಮೇಲೆ 2007ರ ಫೆಡೋರಾ 8ರಲ್ಲಿ ಪಲ್ಸ್‌ಆಡಿಯೋ, 2021ರ ಫೆಡೋರಾ 34ರಲ್ಲಿ ಪೈಪ್‌ವೈರ್ ಬಂದವು. ಇವು ಮಟ್ಟ ಬದಲಾಯಿಸಿದ ಸ್ವಲ್ಪ ಹೊತ್ತಿಗೇ ಬರೆದಿಟ್ಟುಕೊಳ್ಳುತ್ತವೆ. ಆದರೂ ಅಡಿಯಲ್ಲಿರುವುದು ಅದೇ ಅಲ್ಸಾ. ಈಗ ಹಾಸನದ ಮನೆಯಲ್ಲಿ ಯುಪಿಎಸ್ ಇದೆ, ಆದರೂ ಆ ಒಂದು ಸಾಲು ಕೊಡುವ ಅಭ್ಯಾಸ ಬಿಟ್ಟಿಲ್ಲ.

ದೊಡ್ಡಮ್ಮ ಮರುದಿನ ಬೆಳಗಿನ ಬಸ್ಸಿಗೇ ಹೊರಟರು. "ಮುಂದಿನ ಸಲ ಹಾಡ್ತೀನಿ ಬಿಡು ಮಗ" ಅಂದಿದ್ದರು. ಮುಂದಿನ ಸಲ ಬರಲೇ ಇಲ್ಲ. ನಿಮ್ಮ ಮನೆಯಲ್ಲೂ ಹಾಡುವ ಹಿರಿಯರಿದ್ದರೆ, ಮೊದಲು ಹತ್ತು ಸೆಕೆಂಡು ರೆಕಾರ್ಡ್ ಮಾಡಿ ಕೇಳಿ ನೋಡಿ. ಆಮೇಲೆ ಹಾಡಿಸಿ.