ತೊಟ್ಟು ಕಳಚುವ ಬಗೆ

ಹಣ್ಣು ಮರದಿಂದ ಏಕೆ ಬೀಳುತ್ತದೆಂದು ಕೇಳಿದೊಡನೆ ನಮಗೆ ನೆನಪಾಗುವವನು ನ್ಯೂಟನ್. 1726ರ ಏಪ್ರಿಲ್ 15ರಂದು, ಊಟವಾದ ಮೇಲೆ ಸೇಬಿನ ಮರಗಳ ನೆರಳಿನಲ್ಲಿ ಚಹಾ ಕುಡಿಯುತ್ತ, ಆ ವೃದ್ಧ ವಿಜ್ಞಾನಿ ತನ್ನ ಯೌವನದ ಪ್ರಸಂಗವನ್ನು ವಿಲಿಯಂ ಸ್ಟ್ಯೂಕ್ಲಿಗೆ ಹೇಳಿದನು. ಸ್ಟ್ಯೂಕ್ಲಿ ಬರೆದಿಟ್ಟುದರಲ್ಲಿ ಸೇಬು ಯಾರ ತಲೆಯ ಮೇಲೂ ಬೀಳುವುದಿಲ್ಲ. ಅದು ಅನಂತರದವರು ತೊಡಿಸಿದ ಅಲಂಕಾರ. ನ್ಯೂಟನ್ ಕೇಳಿಕೊಂಡದ್ದಾದರೂ, ಹಣ್ಣು ನೇರವಾಗಿ ನೆಲಕ್ಕೇ ಏಕೆ ಬರಬೇಕು ಎಂದು. ಭೂಮಿ ಕಾಯನ್ನೂ ಎಳೆಯುತ್ತದಷ್ಟೆ? ಆದರೂ ಕಾಯಿ ನಿಲ್ಲುತ್ತದೆ, ಹಣ್ಣು ಕಳಚುತ್ತದೆ. ಈ ಇನ್ನೊಂದು ಪ್ರಶ್ನೆ ಬಹುಕಾಲ ಅನಾಥವಾಗಿಯೇ ಉಳಿಯಿತೆಂದು ನನ್ನ ಭಾವನೆ. ಮೃತ್ಯುಂಜಯ ಮಂತ್ರದ ಋಷಿ ಸೌತೆಯ ಹಣ್ಣು ತೊಟ್ಟು ಬಿಡುವುದನ್ನು ಕಂಡವನೇ. ಆದರೆ ಅವನಿಗೆ ಬೇಕಾಗಿದ್ದುದು ಉಪಮೆ, ಕಾರಣವಲ್ಲ.

ಕಾರಣದ ಸುಳಿವು ದೊರೆತದ್ದು ಹಣ್ಣಿನ ತೋಟದಲ್ಲಲ್ಲ, ಬೀದಿದೀಪದ ಬುಡದಲ್ಲಿ. ಹತ್ತೊಂಬತ್ತನೆಯ ಶತಮಾನದ ಯೂರೋಪಿನಲ್ಲಿ, ದೀಪಕ್ಕೆ ಹರಿಸಿದ ಅನಿಲ ಸೋರಿದೆಡೆಯಲ್ಲಿ ಮರಗಳು ಅಕಾಲದಲ್ಲಿ ಎಲೆ ಉದುರಿಸುತ್ತಿದ್ದವು. 1901ರಲ್ಲಿ ರಷ್ಯದ ನೆಲ್ಯುಬೊವ್, ಪ್ರಯೋಗಶಾಲೆಯ ಗಾಳಿಯಲ್ಲಿ ಬಟಾಣಿ ಸಸಿಗಳು ಅಡ್ಡಡ್ಡ ಬೆಳೆಯುವುದೇಕೆಂದು ಬೆನ್ನಟ್ಟಿ, ಆ ಅನಿಲದೊಳಗಿನ ಎಥಿಲೀನನ್ನು ಹಿಡಿದನು. 1934ರಲ್ಲಿ ಇಂಗ್ಲೆಂಡಿನ ರಿಚರ್ಡ್ ಗೇನ್, ಮಾಗುವ ಸೇಬು ತಾನೇ ಎಥಿಲೀನನ್ನು ಹೊರಬಿಡುತ್ತದೆಂದು ಸಿದ್ಧಪಡಿಸಿದನು. ಮಾವಿನಕಾಯಿಯನ್ನು ಹುಲ್ಲಿನಲ್ಲಿ ಮುಚ್ಚಿ ಹಣ್ಣು ಮಾಡುತ್ತಿದ್ದ ನಮ್ಮ ಹಿರಿಯರು, ಹೆಸರರಿಯದೆ, ಈ ಅನಿಲವನ್ನೇ ಕೂಡಿಡುತ್ತಿದ್ದರು.

ಮುಂದಿನದು ಸ್ವಲ್ಪ ವಿಚಿತ್ರ. 1960ರ ದಶಕದಲ್ಲಿ ಅಮೆರಿಕದ ಆಡಿಕಾಟ್ ಮತ್ತು ಸಂಗಡಿಗರು ಹತ್ತಿಯ ಕಾಯಿ ಉದುರಿಸುವ ವಸ್ತುವನ್ನರಸಿದರು. ಬ್ರಿಟನ್ನಿನಲ್ಲಿ ವೇರಿಂಗ್ ಬಳಗದವರು ಮೊಗ್ಗನ್ನು ಮಲಗಿಸುವ ವಸ್ತುವನ್ನರಸಿದರು. ಸಿಕ್ಕಿದ್ದು ಒಂದೇ ವಸ್ತು! 1967ರಲ್ಲಿ ಅದಕ್ಕೆ ಅಬ್ಸಿಸಿಕ್ ಆಮ್ಲವೆಂಬ, ಉದುರುವಿಕೆಯನ್ನು ಸೂಚಿಸುವ ಹೆಸರು ನಿಂತಿತು. ಅದರ ಮುಖ್ಯ ಕೆಲಸ ಬರಗಾಲದಲ್ಲಿ ಎಲೆಯ ರಂಧ್ರ ಮುಚ್ಚಿಸುವುದು, ಬೀಜವನ್ನು ನಿದ್ರೆಯಲ್ಲಿಡುವುದು ಎಂದು ತಿಳಿದದ್ದು ಆಮೇಲೆ. ಉದುರಿಸುವುದರಲ್ಲಿ ಹಿರಿಯ ಪಾಲು ಎಥಿಲೀನಿನದೇ. ವೇರಿಂಗ್ ಬಳಗದವರು ಇಟ್ಟಿದ್ದ ಡಾರ್ಮಿನ್ ಎಂಬ ಹೆಸರೇ ಉಳಿದಿದ್ದರೆ ನ್ಯಾಯವಾಗುತ್ತಿತ್ತೆಂದು ನಾನು ಹೇಳುವೆನು.

ತೊಟ್ಟಿನ ಬಳಿ ಸಣ್ಣ ಕೋಶಗಳ ಒಂದು ಪದರವಿದೆ. ಎಳೆಗಾಯಿಯಿಂದ ಆಕ್ಸಿನ್ ಎಂಬ ರಸ ಹರಿಯುತ್ತಿರುವವರೆಗೆ ಅದು ಬಿಗಿಯಾಗಿರುತ್ತದೆ. ಆ ಹರಿವು ತಗ್ಗಿ ಎಥಿಲೀನ್ ಏರಿದಾಗ, ಕೋಶಗಳನ್ನು ಅಂಟಿಸಿದ್ದ ಪೆಕ್ಟಿನ್ನನ್ನು ಕಿಣ್ವಗಳು ಕರಗಿಸುತ್ತವೆ. ಹಣ್ಣು ನಾಲ್ಕಾರು ನಾರುಗಳ ಮೇಲೆ ತೂಗುತ್ತದೆ. ಒಂದು ಗಾಳಿ, ಅಥವಾ ತನ್ನದೇ ಭಾರ, ಸಾಕು. ನ್ಯೂಟನ್ನನ ಸರದಿ ಬರುವುದು ಆಗ. ಅತ್ತ ಕೊಂಬೆಯ ಮೇಲಿನ ಗಾಯಕ್ಕೆ ಬೆಂಡಿನ ತೆಳುವಾದ ಪದರವೊಂದು ಕಟ್ಟಿಕೊಳ್ಳುತ್ತದೆ.